ಸೀಮೆಸುಣ್ಣದೊಳಗಿನ ನಾಡೆಂಚು

ಹೋದ್ ಡಿಸೆಂಬರಲ್ಲಿ ನನ್ ತಮ್ಮ ಇಂಗ್ಲೆಂಡಿಂದ ಬರೋಕ್ ಮುಂಚೆ ಫೋನ್ ಮಾಡಿ "ಅಕ್ಕಾ ಏನ್ ತರ್ಲಿ, ಚಾಕ್ಲೇಟಾ, ಸ್ವೆಟರ್ರಾ" ಅಂದ, ನಾನು "ಕಲ್ಲು" ಅಂದೆ. ಅವ್ನು ಎರಡು ಸೆಕೆಂಡ್ ಸುಮ್ನಿದ್ದು "ಯಾವ ಕಲ್ಲು" ಅಂತ ಕೇಳ್ದ. ಅವ್ನಿರೋದು ಬ್ರೈಟನ್ ಹತ್ರ, ಅಲ್ಲಿ ಸಮುದ್ರದ ಪಕ್ಕ ಬೆಳ್ಳಗೆ ಗೋಡೆ ಥರ ನಿಂತಿರೋ ಬಂಡೆ ಇದೆಯಲ್ಲ, ಅದ್ರಿಂದ ಮಳೆಗೆ ಉದುರಿ ದಡದಲ್ಲಿ ಬಿದ್ದಿರೋ ಗಡ್ಡೆ ಒಂದೆರಡು ಎತ್ಕೊಂಡ್ ಬಾ ಸಾಕು, ಬಂಡೆಗೆ ಸುತ್ತಿಗೆ ಹಾಕ್ಬೇಡ ಅಂದೆ. ಅದ್ರೊಳಗೆ ಬಾರ್ನಕಲ್ ಅನ್ನೋ ಸಮುದ್ರ ಪ್ರಾಣಿಯ ಫಾಸಿಲ್ (ಪಳೆಯುಳಿಕೆ) ಹುಡುಕೋ ಆಸೆ ನಂಗೆ. ಪಾಪ ತಂದ. ಎರಡು ಕೇಜಿ. ಏರ್‌ಪೋರ್ಟಲ್ಲಿ ಪ್ಲಾಸ್ಟಿಕ್ ಕವರಲ್ಲಿ ಬಿಳೀ ಪುಡಿ ಪುಡಿ ಕಂಡು ಬ್ಯಾಗ್ ಬಿಚ್ಚಿಸಿ ಅರ್ಧ ಗಂಟೆ ನಿಲ್ಲಿಸಿದ್ರಂತೆ, "ನಮ್ಮಕ್ಕ ಜಿಯಾಲಜಿ ಓದಿದ್ದಾಳೆ ಸಾರ್" ಅಂತ ಹೇಳಿ ಬಿಡಿಸ್ಕೊಂಡ್ ಬಂದೆ ಅಂತ ಈಗ್ಲೂ ಬೈತಾನೆ.

ಸೀಮೆಸುಣ್ಣ ಅನ್ನೋ ಪದ ಎಷ್ಟು ಸರಿಯಾಗಿದೆ ಅಂತ ನಂಗೆ ಆಗ್ಲೇ ಹೊಳೆದಿದ್ದು ನೋಡಿ. ಸೀಮೆಎಣ್ಣೆ, ಸೀಮೆಹುಲ್ಲು, ಸೀಮೆಬದನೆ, ಸೀಮೆಸುಣ್ಣ, ಎಲ್ಲಾ ಹೊರಗಿಂದ ಬಂದಿದ್ದು. ಸ್ಕೂಲಲ್ಲಿ ಈಗ ಬೋರ್ಡ್ ಮೇಲೆ ಬರೆಯೋ ಚಾಕ್‌ಪೀಸ್ ಹೆಚ್ಚಿನ ಪಾಲು ಜಿಪ್ಸಮ್ಮು, ಆದ್ರೆ ನನ್ ಅಡುಗೆಮನೆ ಕಟ್ಟೆ ಮೇಲೆ ಕೂತಿದ್ದು ಮಾತ್ರ ಅಸಲಿ ಸೀಮೆಯ ಅಸಲಿ ಸುಣ್ಣದಕಲ್ಲು, ಹತ್ರ ಹತ್ರ ಎಂಟೂವರೆ ಕೋಟಿ ವರ್ಷದ್ದು. ಕ್ರಿಟೇಷಿಯಸ್ ಅನ್ನೋ ಹೆಸರು ಬಂದಿದ್ದೇ ಇದ್ರಿಂದ, ಲ್ಯಾಟಿನ್‌ನಲ್ಲಿ ಕ್ರೀಟಾ ಅಂದ್ರೆ ಚಾಕು (ಚಾಕ್, ತರಕಾರಿ ಹೆಚ್ಚೋ ಚಾಕು ಅಲ್ಲ). 14.5 ಕೋಟಿ ವರ್ಷದ ಹಿಂದೆ ಶುರುವಾಗಿ 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆ ಮುಗಿದ ಯುಗ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಮೈಮೇಲಿನ ಸುಣ್ಣದ ಬಿಲ್ಲೆಗಳು ಸಮುದ್ರದ ತಳಕ್ಕೆ ಬಿದ್ದೂ ಬಿದ್ದೂ ಕಲ್ಲಾಗಿರೋದು ಇದು.

ನಾನು ಹುಡುಕ್ತಾ ಇದ್ದಿದ್ದು ಡೈನೋಸಾರ್ ಅಲ್ಲ, ಬಾರ್ನಕಲ್. ಮೈಸೂರಿನೋರಿಗೆ ಬಾರ್ನಕಲ್ ಅಂದ್ರೆ ಏನಂತ ಹೇಳೋದು ಕಷ್ಟ. ಮಲ್ಪೆಗೋ ಕಾರವಾರಕ್ಕೋ ಟೂರ್ ಹೋದಾಗ ದೋಣಿ ತಳದಲ್ಲಿ, ಅಲೆ ಹೊಡೆಯೋ ಬಂಡೆ ಮೇಲೆ ಬೆಳ್ಳಗೆ ಒರಟೊರಟಾಗಿ ಗುಳ್ಳೆ ಗುಳ್ಳೆ ಅಂಟಿರುತ್ತಲ್ಲ, ಬರಿಗಾಲಲ್ಲಿ ಹತ್ತಿದ್ರೆ ಪಾದ ಕುಯ್ಯುತ್ತಲ್ಲ, ಅದೇ. ನೋಡಿದ್ರೆ ಚಿಪ್ಪು, ಕಪ್ಪೆಚಿಪ್ಪಿನ ನೆಂಟ ಅನ್ಸುತ್ತೆ, ಆದ್ರೆ ಅದು ಸೀಗಡಿ ಏಡಿಗಳ ವಂಶ. ಮರಿ ಇದ್ದಾಗ ನೀರಲ್ಲಿ ಈಜಾಡ್ಕೊಂಡಿರುತ್ತೆ, ಆಮೇಲೆ ಒಂದಿನ ಜಾಗ ನೋಡಿ ತಲೆಯನ್ನೇ ಬಂಡೆಗೆ ಗೋಂದು ಹಾಕಿ ಅಂಟಿಸ್ಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಕೊಂಡು, ಜೀವಮಾನವಿಡೀ ಕಾಲಲ್ಲಿ ನೀರು ಬಾಚಿ ಬಾಚಿ ಬಾಯಿಗೆ ಹಾಕ್ಕೊಳುತ್ತೆ. ಸೈಟ್ ತಗೊಂಡು ಮನೆ ಕಟ್ಟಿದ್ಮೇಲೆ ಎಲ್ಲಿಗೂ ಹೋಗದ ನಮ್ಮಂಥೋರ ಥರವೇ. ಲಿನ್ನೇಯಸ್ಸು, ಕುವಿಯೇ ಅಂಥ ದೊಡ್ಡೋರೆಲ್ಲ ಇದನ್ನ ಚಿಪ್ಪುಪ್ರಾಣಿಗಳ ಸಾಲಲ್ಲೇ ಕೂರಿಸಿದ್ರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಅನ್ನೋರು ಅದ್ರ ಮರಿ ಬೆಳೆಯೋದನ್ನ ನೋಡಿ, ಅಯ್ಯೋ ಇದು ಸೀಗಡಿ ಜಾತಿ ಕಣ್ರೀ ಅಂತ ಬರೆದ್ರು.

ಇದ್ರಲ್ಲಿ ಎರಡು ಥರ. ಒಂದು ಬಂಡೆಗೇ ಕೂತ್ಕೊಳೋದು, ಕುಡಿಕೆ ಬೋರಲು ಹಾಕ್ದಂಗೆ. ಇನ್ನೊಂದಕ್ಕೆ ತೊಟ್ಟಿರುತ್ತೆ, ತೊಟ್ಟಿನ ತುದೀಲಿ ತಾವರೆ ಮೊಗ್ಗಿನ ಥರ ಪ್ಲೇಟುಗಳು ಸೇರ್ಕೊಂಡಿರುತ್ತವೆ, ಇದನ್ನ ಗೂಸ್ ಬಾರ್ನಕಲ್ ಅಂತಾರೆ. ಹಿಂದೆ ಯೂರೋಪಿನೋರು ಈ ಮೊಗ್ಗಿಂದಲೇ ಒಂದು ಜಾತಿ ಹೆಬ್ಬಾತು (ಗೂಸ್) ಹುಟ್ಟುತ್ತೆ ಅಂತ ನಂಬಿದ್ರು, ಹಾಗಾಗಿ ಅದು ಹಕ್ಕಿಯಲ್ಲ, ಉಪವಾಸದ ದಿನ ತಿಂದ್ರೆ ತಪ್ಪಿಲ್ಲ ಅಂತ ತಿಂತಿದ್ರು. ನಮ್ಮಲ್ಲೂ ಶ್ರಾವಣ ಶನಿವಾರ ಮೊಟ್ಟೆ ವೆಜ್ಜೋ ನಾನ್‌ವೆಜ್ಜೋ ಅಂತ ವಾದ ಮಾಡೋರು ಇಲ್ವಾ. ಕ್ರಿಟೇಷಿಯಸ್ ಕಾಲದಲ್ಲಿ ಸಮುದ್ರ ತುಂಬ ಇದ್ದಿದ್ದು ಈ ತೊಟ್ಟಿನೋವೇ. ಇವತ್ತು ಬಂದರಿನಲ್ಲಿ ಕಾಣೋ ಕುಡಿಕೆ ಥರದವು ಆ ಯುಗದ ಕೊನೇ ಹೊತ್ತಿಗೆ ಇನ್ನೂ ಈಗ ಬಂದೆ ಅನ್ನೋ ಹಾಗೆ ಅಲ್ಲೊಂದು ಇಲ್ಲೊಂದು.

ಮೈಸೂರಲ್ಲಿ ಕೂತು ಇದನ್ನ ಹುಡುಕೋದು ಅಂದ್ರೆ ದೇವರಾಜ ಮಾರ್ಕೆಟ್ಟಲ್ಲಿ ತಿಮಿಂಗ್ಲ ಹುಡುಕ್ದಂಗೆ ಅಂತ ನಂಗೂ ಗೊತ್ತು. ನಮ್ಮ ಕಾಲಡಿ ಇರೋದು ಮುನ್ನೂರು ಕೋಟಿ ವರ್ಷಕ್ಕೂ ಹಳೇ ನೈಸ್ (gneiss) ಅನ್ನೋ ಜಾತಿ ಕಲ್ಲು, ಆಗ ಚಿಪ್ಪಿರೋ ಪ್ರಾಣಿಯೇ ಹುಟ್ಟಿರ್ಲಿಲ್ಲ, ಚಾಮುಂಡಿ ಬೆಟ್ಟದ ಗ್ರಾನೈಟ್ ಭೂಮಿ ಒಳಗೆ ಕುದ್ದು ಆರಿದ್ದು, ಅದ್ರಲ್ಲಿ ಫಾಸಿಲ್ ಇರೋ ಮಾತೇ ಇಲ್ಲ. ಅದಕ್ಕೇ ಮಾನಸಗಂಗೋತ್ರಿಯಲ್ಲಿ ಎಮ್ಮೆಸ್ಸಿ ಮಾಡ್ವಾಗ ಫಾಸಿಲ್ ನೋಡ್ಬೇಕು ಅಂದ್ರೆ ತಮಿಳುನಾಡಿನ ಅರಿಯಲೂರು ಕಡೆ ಟ್ರಿಪ್ಪು. ರಾತ್ರಿ ಟ್ರೈನು, ತಿರುಚ್ಚಿಲಿ ಇಳಿದು ಬಸ್ಸು, ಪೊಂಗಲ್ಲು, ಕೆಂಡದಂಥ ಬಿಸಿಲು. ಅಲ್ಲಿ ಕ್ರಿಟೇಷಿಯಸ್ ಸಮುದ್ರವೇ ಹೊಲದ ಮಧ್ಯ ಬಿದ್ದಿದೆ. ಸಿಮೆಂಟ್ ಕಂಪ್ನಿಗಳು ತೋಡೋ ಸುಣ್ಣದಕಲ್ಲಿನ ಗುಂಡಿಯಲ್ಲಿ ಅಂಗೈ ಅಗಲದ ಸಿಂಪಿಗಳು ರಾಶಿ ರಾಶಿ, ಕಾರೈ ಹತ್ರ ಗುಡ್ಡಗಳ ಕೊರಕಲಲ್ಲಿ ಬೆಲೆಮ್ನೈಟ್ (ಸ್ಕ್ವಿಡ್ ನೆಂಟರ ಫಾಸಿಲ್) ಪೆನ್ಸಿಲ್ ತುಂಡಿನ ಥರ ಚೆಲ್ಲಿರುತ್ತೆ, ಸಾತನೂರಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರ. ಹೆನ್ರಿ ಬ್ಲಾನ್‌ಫೋರ್ಡ್ ಅನ್ನೋ ಭೂವಿಜ್ಞಾನಿ 1860ರ ಆಸುಪಾಸಿನಲ್ಲಿ ಆ ಜಾಗದ ನಕ್ಷೆ ಮಾಡಿದ, ಫರ್ಡಿನಂಡ್ ಸ್ಟೊಲಿಚ್ಕ ಕೂತು ಸಂಪುಟಗಟ್ಟಲೆ ಅಲ್ಲಿನ ಚಿಪ್ಪುಗಳನ್ನ ಬರೆದ, ಆಮೇಲೆ 1874ರಲ್ಲಿ ಲಡಾಖ್ ಕಡೆ ಹೋಗಿ ತೀರ್ಕೊಂಡ, ಸಮಾಧಿ ಲೇಹ್‌ನಲ್ಲಿದೆ. ನಾವು ಆ ಟ್ರಿಪ್ಪಲ್ಲಿ ಅಮೊನೈಟ್ ಅನ್ನೋ ಸುರುಳಿ ಚಿಪ್ಪು ಬಿಟ್ರೆ ಬೇರೇನೂ ಕಣ್ಣೆತ್ತಿ ನೋಡ್ಲಿಲ್ಲ. ದೊಡ್ಡ ಸುರುಳಿ ಸಿಕ್ರೆ ಕೂಗಾಟ, ಫೋಟೋ. ಬೆರಳುಗುರು ಗಾತ್ರದ ಬಿಳೀ ಚೂರು ಯಾರಿಗ್ ಬೇಕು. ಈಗ ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಸರಿ ಕೆಲಸದ ವಿಷಯಕ್ಕೆ ಬರ್ತೀನಿ. ಚಾಕ್ ಒಳಗಿನ ಸಣ್ಣ ಫಾಸಿಲ್ಲನ್ನ ಸುತ್ತಿಗೇಲಿ ಒಡೆದು ತೆಗೆಯೋಕಾಗಲ್ಲ, ಕಲ್ಲಿನ ಜೊತೆ ಅದೂ ಪುಡಿಯಾಗುತ್ತೆ. ಆಸಿಡ್ ಹಾಕಂಗಿಲ್ಲ, ಕಲ್ಲೂ ಸುಣ್ಣ ಫಾಸಿಲ್ಲೂ ಸುಣ್ಣ, ಎರಡೂ ಬುಸ್ ಅಂತ ಕರಗಿ ಹೋಗುತ್ತೆ. ಇದಕ್ಕೊಂದು ಹಳೇ ಉಪಾಯ ಇದೆ. ಕಲ್ಲನ್ನ ನಿಂಬೆಹಣ್ಣು ಗಾತ್ರಕ್ಕೆ ಒಡ್ಕೊಂಡು ಒಣಗಿಸಿ, ಬಿಸಿ ನೀರಲ್ಲಿ ಸೋಡಿಯಂ ಸಲ್ಫೇಟ್ ಇನ್ನು ಕರಗಲ್ಲ ಅನ್ನೋವರೆಗೂ ಕರಗಿಸಿ, ಅದ್ರಲ್ಲಿ ನೆನೆಹಾಕಿ ಫ್ರೀಜರಲ್ಲಿಡೋದು. ಉಪ್ಪು ಹರಳುಗಟ್ಟುವಾಗ ಕಲ್ಲಿನ ಸಂದಿಗಳನ್ನ ಒಳಗಿಂದ ತಳ್ಳುತ್ತೆ, ತೆಗೆದು ಕರಗಿಸಿ ಮತ್ತೆ ಇಡಿ, ಮತ್ತೆ ತೆಗೀರಿ, ಹತ್ತು ಹನ್ನೆರಡು ಸಲ ಆದ್ಮೇಲೆ ಕಲ್ಲು ತಾನಾಗೇ ದೋಸೆಹಿಟ್ಟಾಗುತ್ತೆ, ಒಳಗಿನ ಫಾಸಿಲ್ ಗಟ್ಟಿ ಇರೋದ್ರಿಂದ ಉಳ್ಕೊಳುತ್ತೆ. ಅದನ್ನ ಜರಡಿಲಿ ತೊಳೆದು ಒಣಗಿಸಿ ಮೈಕ್ರೋಸ್ಕೋಪ್ ಅಡಿ ಹಸಿ ಬ್ರಶ್ ತುದೀಲಿ ಒಂದೊಂದೇ ಆರಿಸ್ಬೇಕು.

ನಾನು ಇದನ್ನ ಶುರು ಮಾಡಿದ್ದು ಜನವರಿಯಲ್ಲಿ. ಜನವರಿ ಅಂದ್ರೆ ನಮ್ಮನೆ ಫ್ರೀಜರ್ ತುಂಬ ಹಿತಕಿದ ಅವರೆಕಾಳು. ನಮ್ಮತ್ತೆ ಮದ್ದೂರು ಕಡೆಯೋರು, ಸೀಸನ್ನಲ್ಲಿ ಹಿತಕಿ ಹಿತಕಿ ಡಬ್ಬ ತುಂಬಿಸಿಟ್ರೆ ಏಪ್ರಿಲ್‌ವರೆಗೂ ಸಾರು. ಆ ಡಬ್ಬಗಳ ಪಕ್ಕ ನನ್ನ ಚಾಕ್ ಡಬ್ಬ. ಎರಡನೇ ದಿನಾನೇ ಸಿಕ್ಕಿಬಿದ್ದೆ.

"ಇದೇನವ್ವ ಇದು, ಕಾಳ್ ಪಕ್ದಲ್ಲಿ ಸುಣ್ಣ ಮಡ್ಗಿದ್ದೀಯಲ್ಲ?"

"ಫಾಸಿಲ್ಲತ್ತೆ. ಸಮುದ್ರದ್ ಹುಳ ಇರುತ್ತೆ ಒಳಗೆ."

"ಹುಳವಾ! ಅವರೆಕಾಯ್ ಹುಳ ಬಿಡ್ಸದೇ ಸಾಕಾಗದೆ, ಈಗ ಕಲ್ಲಲ್ಲೂ ಹುಳ ಹುಡುಕ್ತಾವ್ಳೆ."

ಒಂದು ವಾರ ಮಾತಿಲ್ಲ. ನನ್ನ ಜರಡಿ ಬೇರೆ ತಗೊಂಡೆ (ರಾಗಿಹಿಟ್ಟಿನ ಜರಡಿ ಮುಟ್ಟಂಗಿಲ್ಲ ಅಂತ ಕಟ್ಟಪ್ಪಣೆ), ತೊಳೆದ ಸುಣ್ಣದ ನೀರನ್ನ ಸಿಂಕಿಗೆ ಬಿಡದೆ ಬಕೆಟ್ಟಲ್ಲಿ ತಿಳಿಯಾಗೋಕೆ ಬಿಟ್ಟೆ, ಇಲ್ದಿದ್ರೆ ಪೈಪ್ ಕಟ್ಕೊಳುತ್ತೆ. ಗಿಡಕ್ಕೂ ಹಾಕ್ಬೇಡಿ, ಉಪ್ಪು. ಎರಡು ಕೇಜಿ ಕಲ್ಲಲ್ಲಿ ಕೊನೆಗೆ ಉಳಿದಿದ್ದು ಎರಡು ಸ್ಪೂನ್ ಗಸಗಸೆ ಥರದ ಪುಡಿ ಅಷ್ಟೇ. ಅದ್ರಲ್ಲೂ ಮುಕ್ಕಾಲು ಪಾಲು ಇನೊಸೆರಾಮಸ್ ಅನ್ನೋ ದೊಡ್ಡ ಸಿಂಪಿಯ ಚೂರು, ಮುರಿದ ಸೂಜಿ ಥರ. ಉಳಿದಿದ್ದು ಸಮುದ್ರ ಕುಡಿಕೆಯ (ಸೀ ಅರ್ಚಿನ್, ಬಾರ್ನಕಲ್ ಅಲ್ಲ) ಮುಳ್ಳು, ಸಮುದ್ರ ಲಿಲ್ಲಿಯ ತೊಟ್ಟಿನ ಮಣಿ, ಬ್ರಯೋಜೋವಾ ಅನ್ನೋ ಗುಂಪಾಗಿ ಬದುಕೋ ಪುಟ್ಟ ಪ್ರಾಣಿಗಳ ಕಡ್ಡಿ, ನಕ್ಷತ್ರ ಮೀನಿನ ಬಿಲ್ಲೆ. ಇದ್ರ ಮಧ್ಯೆ ಬಾರ್ನಕಲ್ ಪ್ಲೇಟು ಇಪ್ಪತ್ಮೂರು.

ಈಗ ಅಸಲು ತಲೆನೋವು. ಗೂಸ್ ಬಾರ್ನಕಲ್ ಸತ್ರೆ ಪ್ಲೇಟುಗಳನ್ನ ಹಿಡ್ಕೊಂಡಿದ್ದ ಚರ್ಮ ಕೊಳೆತು ಹೋಗುತ್ತೆ, ಪ್ಲೇಟುಗಳೆಲ್ಲ ಚೆಲ್ಲಾಪಿಲ್ಲಿ. ಇಡೀ ಪ್ರಾಣಿ ಹಾಗೇ ಸಿಗ್ಬೇಕಂದ್ರೆ ಬದುಕಿದ್ದಾಗ್ಲೇ ಕೆಸರು ಮುಚ್ಕೊಂಡಿರ್ಬೇಕು, ಅಂಥದ್ದು ಸಿಗೋದು ತೀರಾ ಅಪರೂಪ. ಅಮೊನೈಟ್ ಚಿಪ್ಪಿನ ಮೇಲೆ ಗುಂಪಾಗಿ ಅಂಟ್ಕೊಂಡು ಹಾಗೇ ಕಲ್ಲಾಗಿರೋ ಸ್ಟ್ರಮೆಂಟಂ ಅನ್ನೋ ಜಾತಿ ಒಂದಿದೆ, ಅಮೆರಿಕದ ಕಾನ್ಸಸ್‌ನ ಚಾಕ್‌ನಲ್ಲಿ ಸಿಕ್ಕಿದೆ, ಫೋಟೋ ನೋಡಿದ್ರೆ ತೊಟ್ಟಿನ ಮೇಲೆಲ್ಲ ಸೀತಾಫಲದ ಸಿಪ್ಪೆ ಥರ ಸಾಲುಸಾಲು ಹುರುಪೆ. ನನ್ನಂಥೋರಿಗೆ ಸಿಗೋದು ಬಿಡಿ ಪ್ಲೇಟು. ಹತ್ತು ಬಸ್ಸಿನ ಪಾರ್ಟ್ಸ್ ಗುಜರಿಲಿ ಸುರಿದು, ಒಂದು ನಟ್ಟು ಎತ್ತಿ ಕೈಗೆ ಕೊಟ್ಟು, ಇದು ಯಾವ ಡಿಪೋ ಬಸ್ ಹೇಳು ಅಂದಂಗೆ.

ಮತ್ತೆ ಒಂದೊಂದು ಪ್ರಾಣಿಗೂ ಪ್ಲೇಟ್ ಲೆಕ್ಕ ಬೇರೆ. ಗೂಸ್ ಬಾರ್ನಕಲ್‌ಗಳಲ್ಲೇ ಈಗಿನ ಲೇಪಸ್‌ಗೆ 5, ಸ್ಕಾಲ್ಪೆಲ್ಲಂ ಕಡೆಯವಕ್ಕೆ ಹನ್ನೆರಡರ ಮೇಲೆ, ಪಾಲಿಸಿಪಸ್‌ಗೆ 18ರಿಂದ ಶುರುವಾಗಿ ನೂರು ದಾಟುತ್ತೆ. ಅದಕ್ಕೇ ನಾನು ಕಲಿತ ಮೊದಲ ಪಾಠ, ಜಾತಿ ಕೇಳ್ಬೇಡ, ಮೊದಲು ಇದು ಮೈಯಲ್ಲಿ ಎಲ್ಲಿಯ ಪ್ಲೇಟು ಅಂತ ಕೇಳು. ನಾನು ಇದನ್ನ ಉಲ್ಟಾ ಮಾಡಿದ್ದೆ, ಮೊದಲ ರಾತ್ರೀನೇ ಚಿತ್ರ ನೋಡ್ಕೊಂಡು ಎಂಟು ಪ್ಲೇಟಿಗೆ ಎಂಟು ಜಾತಿ ಹೆಸರು ಬರೆದು ಚೀಟಿ ಅಂಟಿಸಿದ್ದೆ. ಆಮೇಲೆ ಎಂಟೂ ಕಿತ್ತೆ.

ಪ್ಲೇಟುಗಳ ಹೆಸರು ಲ್ಯಾಟಿನ್ನು. ಸ್ಕ್ಯೂಟಂ ಅಂದ್ರೆ ಗುರಾಣಿ, ಟರ್ಗಂ ಅಂದ್ರೆ ಬೆನ್ನು, ಕರೀನಾ ಅಂದ್ರೆ ದೋಣಿಯ ತಳದ ಏಣು (ನಮ್ಮನೆಯವ್ರಿಗೆ ಇದೊಂದೇ ನೆನಪಿರೋದು, ಯಾಕೆ ಅಂತ ಕೇಳ್ಬೇಡಿ), ರಾಸ್ಟ್ರಂ ಅಂದ್ರೆ ಕೊಕ್ಕು, ಲೇಟಸ್ ಅಂದ್ರೆ ಪಕ್ಕೆ. ಮೊಗ್ಗಿನ ಬಾಯಿ ತೆರೆಯೋ ಕಡೆ ಎರಡು ಸ್ಕ್ಯೂಟಂ ಎರಡು ಟರ್ಗಂ, ಅದ್ರ ಎದುರು ಬೆನ್ನುದ್ದಕ್ಕೂ ಒಂದು ಕರೀನಾ, ಕೆಳಗೆ ಸುತ್ತ ಚಿಕ್ಕಚಿಕ್ಕ ಪಕ್ಕೆ ಪ್ಲೇಟು. ಏಡಿ ಸೀಗಡಿ ಚಿಪ್ಪು ಕಳಚುತ್ತವಲ್ಲ, ಹಾಗೆ ಇದು ಬೆಳೆಯುವಾಗ ಈ ಚಿಪ್ಪನ್ನ ಕಳಚಲ್ಲ, ಅಂಚಿಗೆ ಅಂಚು ಸೇರಿಸ್ತಾ ಹೋಗುತ್ತೆ, ಹಾಗಾಗಿ ಪ್ಲೇಟಿನ ಮೇಲೆ ಗೆರೆ ಗೆರೆ ಇರುತ್ತೆ, ಆ ಗೆರೆಗಳೆಲ್ಲ ಎಲ್ಲಿಂದ ಹೊರಟಿವೆ ಅಂತ ಹಿಂದಕ್ಕೆ ಹೋದ್ರೆ ಒಂದು ಚುಕ್ಕೆ ಸಿಗುತ್ತೆ, ಅದನ್ನ ಅಂಬೋ ಅಂತಾರೆ, ಅದು ಆ ಪ್ರಾಣಿ ಮರಿ ಇದ್ದಾಗಿನ ಪ್ಲೇಟು. ಅಂಬೋ ತುತ್ತತುದೀಲಿದ್ರೆ ಪ್ಲೇಟು ಕೆಳಮುಖವಾಗಿ ಮಾತ್ರ ಬೆಳೆದಿದೆ, ಕೆಲವು ಜಾತೀಲಿ ಅಂಬೋ ತುದಿಯಿಂದ ಕೆಳಗೆ ಜಾರಿರುತ್ತೆ, ಅಂದ್ರೆ ಮೇಲಕ್ಕೂ ಕೆಳಕ್ಕೂ ಎರಡೂ ಕಡೆ ಬೆಳೆದಿದೆ. ಈ ಒಂದು ವಿಷಯದ ಮೇಲೇ ಗುಂಪು ಗುಂಪು ಬೇರೆ ಮಾಡ್ತಾರೆ. ಸ್ಕ್ಯೂಟಂ ಆದ್ರೆ ಒಳಮೈಯಲ್ಲಿ ಒಂದು ಗುಳಿ, ಬಾಯಿ ಮುಚ್ಚೋ ಮಾಂಸಖಂಡ ಕೂತ ಜಾಗ. ಗುಳಿ ಕಂಡ್ರೆ ನೆಮ್ಮದಿ.

ಬಾರ್ನಕಲ್ಲೇ ಅಲ್ಲದ್ದು ಬಾರ್ನಕಲ್ ವೇಷ ಹಾಕ್ಕೊಂಡು ಬರೋದೂ ಉಂಟು. ನಕ್ಷತ್ರ ಮೀನಿನ ಬಿಲ್ಲೆ ನಂಗೆ ಮೂರು ಸಲ ಟೋಪಿ ಹಾಕ್ತು. ಅದ್ರ ಗುಟ್ಟೇನಂದ್ರೆ ಅಂಥ ಬಿಲ್ಲೆ ಒಂದೊಂದೂ ಒಂದೇ ಹರಳಿನ ಥರ ನಡ್ಕೊಳುತ್ತೆ, ಮುರಿದ ಅಂಚನ್ನ ದೀಪಕ್ಕೆ ತಿರುಗಿಸಿದ್ರೆ ಕಲ್ಲುಸಕ್ಕರೆ ಥರ ಒಂದೇ ಸಲಕ್ಕೆ ಪಳ್ ಅನ್ನುತ್ತೆ, ಮೇಲ್ಮೈಲಿ ಬಲೆ ಥರ ತೂತು ತೂತು. ಬಾರ್ನಕಲ್ ಹಾಗೆ ಪಳ್ ಅನ್ನಲ್ಲ, ಗೆರೆ ಕಾಣುತ್ತೆ.

ನಾನು ಹೀಗೆ ಒದ್ದಾಡ್ತಾ ಕೂತಿದ್ದಾಗ ಒಂದು ಮಧ್ಯಾಹ್ನ ಅತ್ತೆ ಬಂದು ಹಿಂದೆ ನಿಂತ್ರು. "ಒಸಿ ನಾನೂ ನೋಡ್ಲಾ?" ಅಂದ್ರು. ಕಣ್ಣಿಗೆ ಅಡ್ಜಸ್ಟ್ ಮಾಡಿಕೊಟ್ಟೆ. ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ, ಆಮೇಲೆ,

"ಇದು ನಾಡೆಂಚಲ್ವೇನವ್ವ!"

ನೋಡ್ದೆ. ಕರೀನಾ. ನಾಡೆಂಚು ನೋಡಿದೋರಿಗೆ ಹೇಳ್ಬೇಕಾಗಿಲ್ಲ, ಮಂಗಳೂರು ಹೆಂಚು ಬರೋಕೆ ಮುಂಚೆ ಹಳ್ಳಿ ಮನೆಗಳ ಮೇಲೆ ಕುಂಬಾರರು ಮಾಡಿದ ಅರ್ಧ ಕೊಳವೆ ಥರದ ಹೆಂಚು, ಒಂದು ಕಡೆ ಅಗಲ ಇನ್ನೊಂದು ಕಡೆ ಸಪೂರ. ಕರೀನಾ ತದ್ವತ್ತು ಅದೇ, ಬೆನ್ನು ಉಬ್ಬು, ಒಳಗೆ ದೋಣಿ, ತುದಿ ಚೂಪು. ಪುಸ್ತಕದಲ್ಲಿ ಒಂದು ಪೇಜು ಓದಿ ನಂಗೆ ಅರ್ಥ ಆಗದಿದ್ದ ಆಕಾರ. ಅವತ್ತಿಂದ ನಮ್ಮನೇಲಿ ಅದ್ರ ಹೆಸರು ನಾಡೆಂಚು.

ಆಮೇಲೆ ಅತ್ತೆನ ಎಬ್ಬಿಸೋಕಾಗ್ಲಿಲ್ಲ. ಅರವತ್ತು ವರ್ಷ ಮೊರದಲ್ಲಿ ಅಕ್ಕಿಯಿಂದ ಕಲ್ಲು ಆರಿಸಿರೋ ಕಣ್ಣು ಕಣ್ರೀ ಅದು, ನಾನು ಒಂದು ಗಂಟೇಲಿ ನೋಡೋದನ್ನ ಅವ್ರು ಹತ್ತು ನಿಮಿಷದಲ್ಲಿ ಸೂಜಿ ಒಂದು ಕಡೆ, ಮುಳ್ಳೊಂದು ಕಡೆ, ಬಿಲ್ಲೆ ಒಂದು ಕಡೆ ಸರಿಸಿಬಿಟ್ರು. ಆಮೇಲೆ ಬಾರ್ನಕಲ್ ಪ್ಲೇಟುಗಳನ್ನ ಹಾಗೆ ಹೀಗೆ ತಿರುಗಿಸಿ ಇಟ್ಟು, "ನಾಡೆಂಚು ಒಂಟಿ ಕಣವ್ವ, ಎರಡು ಪಕ್ಕನೂ ಒಂದೇ ಸಮ. ಇವೆಲ್ಲ ಜೋಡಿ. ಇದು ಎಡಗಾಲ್ ಮೆಟ್ಟು, ಇದು ಬಲಗಾಲ್ ಮೆಟ್ಟು" ಅಂದ್ರು. ಇದನ್ನ ನಾನು ಹೇಳಿಕೊಟ್ಟಿರ್ಲಿಲ್ಲ, ದೇವರಾಣೆ. ಮಧ್ಯದ ಪ್ಲೇಟುಗಳು, ಅಂದ್ರೆ ಕರೀನಾ ರಾಸ್ಟ್ರಂ, ಮಧ್ಯೆ ಗೆರೆ ಎಳೆದ್ರೆ ಎರಡು ಭಾಗ ಸರಿಸಮ, ಸ್ಕ್ಯೂಟಂ ಟರ್ಗಂ ಲೇಟಸ್ ಎಡ ಬಲ ಅಂತ ಕನ್ನಡಿ ಜೋಡಿ. ಪ್ಲೇಟ್ ಗುರುತಿಸೋದ್ರಲ್ಲಿ ಮೊದಲು ಕೇಳ್ಬೇಕಾದ ಪ್ರಶ್ನೆ ಇದೇ. ಕರೀನಾ ಒಂದು ಪ್ರಾಣಿಗೆ ಒಂದೇ ಇರೋದ್ರಿಂದ ಎಷ್ಟು ಕರೀನಾ ಇದೆಯೋ ಕನಿಷ್ಠ ಅಷ್ಟು ಪ್ರಾಣಿ. ನನ್ನ ಹತ್ರ ಐದು ನಾಡೆಂಚು, ಸ್ಕ್ಯೂಟಂ ಆರು (ಬಲಗಾಲ್ದು ನಾಲ್ಕು ಎಡಗಾಲ್ದು ಎರಡು), ಟರ್ಗಂ ನಾಲ್ಕು, ಪಕ್ಕೆ ಪ್ಲೇಟು ಐದು, ಮೂರು ಏನೋ ಗೊತ್ತಿಲ್ಲ.

ಐದು ನಾಡೆಂಚಲ್ಲಿ ನಾಲ್ಕು ನುಣ್ಣಗಿವೆ, ಬೆನ್ನು ದುಂಡಗೆ ಬಂದು ಪಕ್ಕಕ್ಕೆ ಇಳಿಯುತ್ತೆ, ಮಧ್ಯೆ ಏಣು ಗೀಣು ಏನಿಲ್ಲ. ಒಂದರಲ್ಲಿ ಮಾತ್ರ ಬೆನ್ನಿಗೂ ಪಕ್ಕೆಗೂ ನಡುವೆ ಹಗ್ಗ ಇಟ್ಟಂಗೆ ಏಣು, ಆ ಕಡೆ ಒಂದು ಈ ಕಡೆ ಒಂದು. ನುಣ್ಣಗಿರೋದು ಕ್ರೆಟಿಸ್ಕಾಲ್ಪೆಲ್ಲಂ, ಏಣಿರೋದು ಹಳೇ ಪುಸ್ತಕಗಳು ಆರ್ಕೋಸ್ಕಾಲ್ಪೆಲ್ಲಂ ಅಂತಿದ್ದ ಗುಂಪು. ಹಳೇ ಪುಸ್ತಕ ಅಂದ್ರೆ ಈ ವಿಷಯದಲ್ಲಿ ಒಂದೇ, ಲಂಡನ್ನಿನ ಮ್ಯೂಸಿಯಂನ ಥಾಮಸ್ ವಿದರ್ಸ್ ಬರೆದ ಕ್ಯಾಟಲಾಗು, ಮೂರು ಸಂಪುಟ, 1928, 1935, 1953. ಕ್ರಿಟೇಷಿಯಸ್ ಇರೋದು 1935ರದ್ದರಲ್ಲಿ. ಒಬ್ಬ ಮನುಷ್ಯ ಜೀವಮಾನ ಪೂರ್ತಿ ಈ ಉಗುರು ಚೂರುಗಳನ್ನ ನೋಡ್ಕೊಂಡು ಕೂತಿದ್ದ ಅಂದ್ರೆ ನಂಗೆ ಒಂಥರಾ ಧೈರ್ಯ ಬರುತ್ತೆ. ಈಚೆಗೆ ಆಂಡಿ ಗೇಲ್ ಅನ್ನೋರು ಅದನ್ನೆಲ್ಲ ಮತ್ತೆ ಬಿಚ್ಚಿ ಜೋಡಿಸ್ತಾ ಇದ್ದಾರೆ, 2021ರಲ್ಲಿ ಹಲವರು ಸೇರಿ ಬದುಕಿರೋದು ಕಲ್ಲಾಗಿರೋದು ಎಲ್ಲಾ ಸೇರಿಸಿ ಹೊಸ ವರ್ಗೀಕರಣ ಪ್ರಕಟಿಸಿದ್ರು, ಆರ್ಕೋಸ್ಕಾಲ್ಪೆಲ್ಲಂ ಅಂತಿದ್ದ ಕ್ರಿಟೇಷಿಯಸ್ ಜಾತಿಗಳಲ್ಲಿ ಸುಮಾರು ಈಗ ಬೇರೆ ಬೇರೆ ಹೆಸರಿಗೆ ಹೋಗಿವೆ. ರೇಷನ್ ಕಾರ್ಡಲ್ಲಿ ಹೆಸರು ತಿದ್ದುಪಡಿ ಮಾಡಿಸ್ದಂಗೆ, ಮುಗಿಯಲ್ಲ.

ಈ ಕಷ್ಟ ನಮ್ಮಂಥ ಹವ್ಯಾಸಿಗಳಿಗೆ ಮಾತ್ರ ಅಲ್ಲ ಅನ್ನೋಕೆ ಡಾರ್ವಿನ್ ಕಥೆ ಹೇಳ್ಬೇಕು. ವಿಕಾಸವಾದದ ಪುಸ್ತಕ ಬರೆಯೋಕೆ ಮುಂಚೆ ಆ ಮಹಾಶಯ 1846ರಿಂದ 1854ರವರೆಗೆ ಎಂಟು ವರ್ಷ ಬಾರ್ನಕಲ್ ಮಾತ್ರ ನೋಡ್ತಾ ಕೂತಿದ್ದ. ಶುರುವಾಗಿದ್ದು ಚಿಲಿ ದೇಶದ ದಡದಲ್ಲಿ 1835ರಲ್ಲಿ ಒಂದು ಶಂಖದ ಚಿಪ್ಪಿನೊಳಗೆ ತೂತು ಕೊರ್ಕೊಂಡಿದ್ದ ಒಂದು ವಿಚಿತ್ರ ಬಾರ್ನಕಲ್ಲಿಂದ, ಇದೊಂದನ್ನ ಬರೆದು ಮುಗಿಸಿಬಿಡ್ತೀನಿ ಅಂತ ಕೂತೋನು ಇಡೀ ವಂಶವನ್ನೇ ಬರೆದ, ನಾಲ್ಕು ಪುಸ್ತಕ, ಎರಡು ಜೀವಂತ ಇರೋವು, ಎರಡು ಫಾಸಿಲ್ಲು. ಕೊನೆ ಕೊನೆಗೆ ಗೆಳೆಯನಿಗೆ ಕಾಗದ ಬರೆದು, ಬಾರ್ನಕಲ್ಲನ್ನ ನನ್ನಷ್ಟು ದ್ವೇಷಿಸಿದೋನು ಯಾರೂ ಇಲ್ಲ ಅಂತ ಗೋಳಾಡಿದ್ದ. ಹದಿನೈದನೇ ಸಲ ಅದೇ ಪ್ಲೇಟನ್ನ ತಿರುಗಿಸುವಾಗ ನಂಗೆ ಆ ಕಾಗದ ನೆನಪಾಗುತ್ತೆ.

ಆದ್ರೆ ನಾನು ಹೇಳ್ಬೇಕು ಅಂದಿದ್ದು ಬೇರೆ. ಕುಡಿಕೆ ಥರದ ಬಾರ್ನಕಲ್ ಕ್ರಿಟೇಷಿಯಸ್‌ನಲ್ಲಿ ಒಂದೂ ಸಿಕ್ಕಿಲ್ಲ, ಇದ್ದಿದ್ರೆ ಸಿಗ್ಬೇಕಿತ್ತು, ಹಾಗಾಗಿ ಇವು ಆಮೇಲೆ ಬಂದವು ಅಂತ ಡಾರ್ವಿನ್ ಬರೆದ. ಪುಸ್ತಕ ಬಂದು ಇಂಕು ಆರಿಲ್ಲ, ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಊರಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಬೋಸ್ಕೆ ಅನ್ನೋನು ಬೆಲ್ಜಿಯಂ ಚಾಕ್‌ನಿಂದ ತಾನೇ ತೆಗೆದ ಒಂದು ಕುಡಿಕೆ ಬಾರ್ನಕಲ್ ಚಿತ್ರ ಕಳಿಸಿದ. ಡಾರ್ವಿನ್ ಇದನ್ನ ಮುಚ್ಚಿಡ್ಲಿಲ್ಲ, 1859ರ ತನ್ನ ದೊಡ್ಡ ಪುಸ್ತಕದಲ್ಲೇ, ನಾನು ಹೀಗಂದಿದ್ದೆ, ಹೀಗಾಯ್ತು ಅಂತ ಬರ್ಕೊಂಡ, ಸಿಕ್ಕಿಲ್ಲ ಅಂದ್ರೆ ಇರ್ಲಿಲ್ಲ ಅಂತ ಅಲ್ಲ ಅನ್ನೋದಕ್ಕೆ ಉದಾಹರಣೆಯಾಗಿ. ಆಮೇಲೆ 1868ರಲ್ಲಿ ಹೆನ್ರಿ ವುಡ್‌ವರ್ಡ್ ಇಂಗ್ಲೆಂಡಿನ ಚಾಕ್‌ನಲ್ಲಿ ಇನ್ನೊಂದು ಕುಡಿಕೆ ಸಿಕ್ತು ಅಂತ ಪಿರ್ಗೋಮಾ ಅಂತ ಹೆಸರಿಟ್ಟ, ಡಾರ್ವಿನ್ ಮುಂದಿನ ಮುದ್ರಣದಲ್ಲಿ ಅದನ್ನೂ ಸೇರಿಸ್ಕೊಂಡ. ಮೂವತ್ಮೂರು ವರ್ಷ ಆದ್ಮೇಲೆ, 1901ರಲ್ಲಿ, ಅದೇ ವುಡ್‌ವರ್ಡ್ ಕೈಗೆ ಇನ್ನೂ ಚೆನ್ನಾಗಿ ಉಳಿದಿದ್ದ ಮಾದರಿ ಬಂತು, ನೋಡಿದ್ರೆ ಬುಡದಲ್ಲಿ ಸಾಲು ಸಾಲು ಹುರುಪೆ, ಅಂದ್ರೆ ಅದು ಈಗಿನ ಕುಡಿಕೆ ಅಲ್ಲವೇ ಅಲ್ಲ, ಕುಳ್ಳ ತೊಟ್ಟಿನದ್ದು. ತಾನೇ ಇಟ್ಟ ಹೆಸರನ್ನ ತಾನೇ ತೆಗೆದು ಬ್ರಾಕಿಲೆಪಸ್ ಅಂತ ಬದಲಾಯಿಸಿದ. ಮೂವತ್ಮೂರು ವರ್ಷ! ನಾನು ಎಂಟು ಚೀಟಿ ಕಿತ್ತಿದ್ದಕ್ಕೆ ಒಂದಿನ ಮಂಕಾಗಿ ಕೂತಿದ್ದೆ.

ನಿಜವಾದ ಕುಡಿಕೆಗಳ ಹಿರಿಯ ಅಂತ ಈಗ ತೋರಿಸೋದು ದಕ್ಷಿಣ ಸ್ವೀಡನ್ನಿನ ಪಕಿಡಯಾಡೆಮಾ, ಇವೋ ಕ್ಲಾಕ್ ಅನ್ನೋ ಜಾಗದಲ್ಲಿ ಕ್ರಿಟೇಷಿಯಸ್ ಕೊನೆಗಾಲದ ಬಂಡೆಗಳಿದ್ದ ಸಮುದ್ರ ದಡವೇ ಹಾಗೇ ಹೂತುಹೋಗಿದೆ. ಇನ್ನೊಂದು ವೆರೂಕಾ ಅಂತ, ಅದ್ರಲ್ಲಿ ವೆರೂಕಾ ಪ್ರಿಸ್ಕಾ ಅನ್ನೋ ಜಾತಿಗೆ ಹೆಸರಿಟ್ಟಿದ್ದು ಅದೇ ಬೋಸ್ಕೆ, 1854ರಲ್ಲಿ. ಅದು ಅಷ್ಟಾವಕ್ರ. ಒಂದು ಪಕ್ಕದ ಸ್ಕ್ಯೂಟಂ ಟರ್ಗಂ ಮಾತ್ರ ಬಾಗಿಲ ಥರ ಅಲ್ಲಾಡುತ್ತೆ, ಇನ್ನೊಂದು ಪಕ್ಕದ್ದು ಗೋಡೆಗೆ ಸೇರ್ಕೊಂಡಿರುತ್ತೆ, ಅದೂ ಕೆಲವಕ್ಕೆ ಎಡ ಕೆಲವಕ್ಕೆ ಬಲ. ಎಡಗಾಲ್ ಬಲಗಾಲ್ ಲೆಕ್ಕ ಅಲ್ಲಿ ನಡೆಯಲ್ಲ ಅಂತ ಅತ್ತೆಗೆ ಹೇಳಿದ್ರೆ, "ಸೊಟ್ಟ ಮುಂಡೇದು" ಅಂದ್ರು.

ಮಾರ್ಚಲ್ಲಿ ಧೈರ್ಯ ಮಾಡಿ ಒಂದು ಟರ್ಗಂ ಫೋಟೋ ತೆಗೆದು ವಿದೇಶದ ಒಬ್ಬ ತಜ್ಞರಿಗೆ ಮೇಲ್ ಹಾಕಿದೆ. ಚೌಕ ವಕ್ರ ಆದಂಗೆ ನಾಲ್ಕು ಮೂಲೆ, ತುದಿಯಿಂದ ಬುಡಕ್ಕೆ ಮಡಿಕೆ ಇದೆ, ಟರ್ಗಂಗೆ ಇರ್ಬೇಕಾದ್ದೆಲ್ಲ ಇದೆ ಅಂತ ಕಾನ್ಫಿಡೆನ್ಸಲ್ಲಿ ಜಾತಿ ಹೆಸರು ಸಮೇತ ಕೇಳಿದ್ದೆ. ನಾಲ್ಕು ದಿನ ಆದ್ಮೇಲೆ ಎರಡು ಸಾಲಿನ ಉತ್ತರ ಬಂತು, ಟರ್ಗಂ ಅಲ್ಲ, ಮೇಲಿನ ಪಕ್ಕೆ ಪ್ಲೇಟು, ಮತ್ತೆ ನೀವು ತಲೆಕೆಳಗಾಗಿ ಇಟ್ಟಿದ್ದೀರಿ. ನಾನು ಮಡಿಕೆ ಅಂದ್ಕೊಂಡಿದ್ದು ಒಂದು ಬಿರುಕು. ಲೆಕ್ಕ ತಿದ್ದಿದೆ, ಟರ್ಗಂ ಮೂರು, ಪಕ್ಕೆ ಪ್ಲೇಟು ಆರು. ಫೋಟೋ ಕಳಿಸೋರಿಗೆ ಒಂದು ಮಾತು, ಹೊರಮೈ ಒಳಮೈ ಪಕ್ಕದ ನೋಟ ಮೂರೂ ತೆಗೀರಿ, ಪಕ್ಕದಲ್ಲಿ ಮಿಲಿಮೀಟರ್ ಅಳತೆ ಇಡಿ, ಬೆಳಕು ಎಡಗಡೆ ಮೇಲಿಂದ ಓರೆಯಾಗಿ ಬೀಳ್ಲಿ, ಇಲ್ದಿದ್ರೆ ಗುಳಿ ಉಬ್ಬಿನ ಥರ ಕಾಣುತ್ತೆ. ನೇರ ಬೆಳಕಲ್ಲಿ ಎಲ್ಲಾ ಪ್ಲೇಟೂ ಪೆಪ್ಪರ್‌ಮಿಂಟೇ.

ಈಗ ನನ್ನ ಡಬ್ಬದ ಲೆಕ್ಕ ಇಷ್ಟು. ಇಪ್ಪತ್ಮೂರರಲ್ಲಿ ಯಾವ ಪ್ಲೇಟು ಅಂತ ಗೊತ್ತಾಗಿದ್ದು ಇಪ್ಪತ್ತು, ಜೀನಸ್ (ಜಾತಿಗಿಂತ ಒಂದು ಮೆಟ್ಟಿಲು ಮೇಲಿನ ಗುಂಪು) ಮಟ್ಟಕ್ಕೆ ಬಂದಿದ್ದು ಒಂಬತ್ತು, ಜಾತಿ ಹೆಸರು ಪೆನ್ನಲ್ಲಿ ಬರೆದಿದ್ದು ಸೊನ್ನೆ. ನಾಲ್ಕು ನುಣ್ಣನೆ ನಾಡೆಂಚಿಗೆ ಮಾತ್ರ ಪೆನ್ಸಿಲ್ಲಲ್ಲಿ ಕ್ರೆಟಿಸ್ಕಾಲ್ಪೆಲ್ಲಂ ಸಿಎಫ್ ಗ್ಲಾಬ್ರಂ ಅಂತ ಬರೆದಿದ್ದೀನಿ. ಸಿಎಫ್ ಅಂದ್ರೆ "ಅದರ ಜೊತೆ ಹೋಲಿಸಿ ನೋಡಿ" ಅಂತ, ಅಂದ್ರೆ ಅದೇ ಇರ್ಬೋದು, ಆದ್ರೆ ಕೋರ್ಟಲ್ಲಿ ಸಾಕ್ಷಿ ಹೇಳು ಅಂದ್ರೆ ಬರಲ್ಲ ಅಂತ. ಇಷ್ಟು ಒಳ್ಳೇ ಎರಡಕ್ಷರ ವಿಜ್ಞಾನದಲ್ಲಿ ಇನ್ನೊಂದಿಲ್ಲ, ಮದುವೆ ಬ್ರೋಕರ್‌ಗಳು ಕಲೀಬೇಕು.

ಗೊತ್ತಾಗದ ಮೂರರಲ್ಲಿ ಎರಡು ಸವೆದು ಹೋಗಿವೆ, ಆಸೆ ಬಿಟ್ಟಿದ್ದೀನಿ. ಮೂರನೇದು ಚೆನ್ನಾಗಿದೆ, ಎರಡೂವರೆ ಮಿಲಿಮೀಟರ್, ಗೆರೆ ಸ್ಪಷ್ಟ, ಅಂಬೋ ಸ್ಪಷ್ಟ, ಒಂದು ಅಂಚು ಬಾಗಿ ಒಳಗೆ ಮಡಿಚಿದೆ. ಸಮ ಇಲ್ಲ, ಹಾಗಾಗಿ ಒಂಟಿ ಪ್ಲೇಟಲ್ಲ, ಜೋಡೀದೇ. ಪಕ್ಕೆ ಪ್ಲೇಟುಗಳ ಯಾವ ಚಿತ್ರಕ್ಕೂ ಹೊಂದ್ತಿಲ್ಲ. ಅತ್ತೆ ದಿನಾ ಬೆಳಗ್ಗೆ ಕಾಫಿ ಕುಡಿದು ಒಂದ್ಸಲ ಅದನ್ನ ನೋಡ್ತಾರೆ. "ಇದು ಎಡಗಾಲ್ದು, ಬಲಗಾಲ್ದು ಸಿಕ್ಕುದ್ರೆ ಗೊತ್ತಾಯ್ತದೆ, ಇನ್ನೊಸಿ ಕಲ್ಲು ತರ್ಸು ನಿನ್ ತಮ್ಮನ ಕೈಲಿ" ಅಂತಾರೆ. ತಮ್ಮನಿಗೆ ಮೆಸೇಜ್ ಹಾಕಿದ್ದೀನಿ, ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ. ಅವರೆಕಾಳಿನ ಡಬ್ಬ ಎರಡು ಖಾಲಿಯಾಗಿದೆ, ಫ್ರೀಜರಲ್ಲಿ ಜಾಗ ಇದೆ.